ಮಂಚದ ಕೆಳಗಿನ ಐದು ಬ್ಯಾಗು

ಮಗಳ ಮಂಚದ ಕೆಳಗೆ ಐದು ಬ್ಯಾಗು. ಒಂದೂ ಮನೆಯದಲ್ಲ. ಬೀಗ ರಿಪೇರಿ ಮಾಡುವ ಅಪ್ಪ ಬಗ್ಗಿ ಮತ್ತೊಮ್ಮೆ ಎಣಿಸಿದ.

ಅವನದು ಮೊದಲೇ ಅನುಮಾನದ ಕಸುಬು. ಸೋಪಿನ ಮೇಲೆ ಕೀಲಿಯ ಅಚ್ಚು ಒತ್ತಿ ತಂದವರನ್ನು ಹಾಗೇ ವಾಪಸ್ ಕಳಿಸುತ್ತಾನೆ. ಕೀಲಿಯನ್ನೇ ತಂದರೂ "ಯಾರದು? ಉದ್ದೇಶ ಏನು?" ಎಂದು ಕೇಳದೆ ಕೀಲಿ ಉಜ್ಜುವ ಅರ ಮುಟ್ಟುವುದಿಲ್ಲ. ಇಪ್ಪತ್ತಾರು ವರ್ಷ ಹೀಗೆ ಕಾಪಾಡಿಕೊಂಡ ಹೆಸರು. ಈಗ ಅವನ ಮನೆಯಲ್ಲೇ ಕಂಡವರ ಬ್ಯಾಗು!

ಬ್ಯಾಗಿನ ಮೇಲೊಂದು ಫಾರಂ ಇತ್ತು. ದಪ್ಪಕ್ಷರದಲ್ಲಿ, "ನಿಮ್ಮ ಉದ್ದೇಶ ಎಷ್ಟು ಗಟ್ಟಿ?" ಅವನು ಅದನ್ನು ಹಿಡಿದು ಪಕ್ಕದ ಮನೆಗೆ ನಡೆದ. ಮಗಳು ಓದುವ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಮಾಡುವ ಅಕ್ಕ ಅಲ್ಲಿರುತ್ತಾರೆ.

"ಅಕ್ಕಾ, ಮಗಳ ಮಂಚದ ಕೆಳಗೆ ಕಂಡೋರ ಬ್ಯಾಗು! ಇದೆಂಥ ಗ್ಯಾಂಗು? ನನ್ನ ಮಗಳ ತಲೆ ಕೆಡಿಸಿದೋರು ಯಾರು?"

"ಗ್ಯಾಂಗೂ ಇಲ್ಲ ಗೀಂಗೂ ಇಲ್ಲ ಕಣಪ್ಪ. ಈ ಫಾರಂ ತುಂಬಿಕೊಟ್ರೆ, ಸ್ವಂತ ಉದ್ಯೋಗ ಮಾಡೋ ಮನಸ್ಸಿರೋ ಮಕ್ಕಳಿಗೆ ಯೂನಿವರ್ಸಿಟೀಲಿ ಮೂರು ತಿಂಗಳು ಒಂದು ಮೇಜು ಕೊಡ್ತಾರೆ, ಮಾಡಿ ನೋಡ್ಲಿ ಅಂತ. ನಿನ್ನ ಮಗಳು ಹಾಸ್ಟೆಲ್ ಹುಡುಗಿಯರ ಬ್ಯಾಗಿನ ಜಿಪ್ಪು, ಚಕ್ರ, ನಂಬರ್ ಲಾಕು ರಿಪೇರಿ ಮಾಡ್ತಾಳೆ. ಅದರಲ್ಲಿ ನೀಲಿ ಬ್ಯಾಗು ನಂದೇ."

"ಸುಮ್ಸುಮ್ನೆ ಯಾರು ಮೇಜು ಕೊಡ್ತಾರೆ? ಓದು ಬಿಡಿಸ್ತಾರೆ!"

"ಕ್ಲಾಸು ಮುಗಿದ ಮೇಲೇ ಕೆಲಸ. ಹಾಜರಿ ಕಮ್ಮಿಯಾದ್ರೆ ಮೇಜು ವಾಪಸ್. ಹಿಂದುಗಡೆ ಬರೆದಿದೆ, ನೋಡು."

"ಡಿಗ್ರಿ ಓದಿ ಬ್ಯಾಗ್ ಹೊಲೀಬೇಕಾ? ಈ ಹುಚ್ಚು ಎಲ್ಲಿಂದ ಹತ್ತಿತು?"

"ಅದನ್ನೂ ಕೇಳಿದ್ದಾರೆ. ಓದು."

ಮಗಳು ತುಂಬಿದ ಉತ್ತರಗಳನ್ನು ಅವನು ಬೆರಳಿಟ್ಟು ಓದಿದ. ನಿಮ್ಮಿಂದ ಆಗುತ್ತದೆಂಬ ನಂಬಿಕೆ ಇದೆಯೇ? "ಇದೆ. ಹದಿನೇಳು ಬ್ಯಾಗು ಸರಿಮಾಡಿದ್ದೇನೆ. ಎರಡು ಕೆಡಿಸಿದ್ದೇನೆ." ಉದ್ಯಮ ನಡೆಸುವವರನ್ನು ಹತ್ತಿರದಿಂದ ನೋಡಿದ್ದೀರಾ? "ನೋಡಿದ್ದೇನೆ. ನಮ್ಮಪ್ಪ."

ಅವನು ಆ ಸಾಲನ್ನು ಇನ್ನೊಮ್ಮೆ ಓದಿದ. ತಗಡಿನ ಗೂಡಂಗಡಿ, ನಾಲ್ಕು ಅರ, ಒಂದು ಸ್ಟೂಲು. ಅದನ್ನು ಉದ್ಯಮ ಎಂದು ಅವನೇ ಯಾವತ್ತೂ ಹೇಳಿಕೊಂಡಿರಲಿಲ್ಲ.

ಕೊನೆಯ ಪ್ರಶ್ನೆ, ಮನೆಯವರು ಏನೆನ್ನುತ್ತಾರೆ? ಅದರ ಮುಂದೆ ಏನೂ ಬರೆದಿರಲಿಲ್ಲ.

"ಫಾರಂ ಕೊಡೋಕೆ ಇವತ್ತು ನಾಲ್ಕು ಗಂಟೆಗೆ ಕೊನೆ," ಎಂದರು ಅಕ್ಕ. "ಸುಳ್ಳು ಬರೆಯೋಕೆ ಅವಳಿಗೆ ಮನಸ್ಸಿಲ್ಲ. ನಿನ್ನ ಕೇಳೋಕೆ ಧೈರ್ಯ ಇಲ್ಲ. ಆ ಒಂದು ಸಾಲಿಗೇ ಕೈಬಿಡೋಳಿದ್ದಾಳೆ."

ಇಬ್ಬರೂ ಮನೆಗೆ ಬಂದಾಗ ಮಗಳು ಫಾರಂ ಹುಡುಕುತ್ತಿದ್ದಳು. ಅಪ್ಪ ನೀಲಿ ಬ್ಯಾಗು ಎಳೆದ.

"ಈ ಲಾಕು ತೆಗೆಯೋ ಮುಂಚೆ ಏನು ಕೇಳಿದೆ?"

"ಯಾರದು, ಉದ್ದೇಶ ಏನು ಅಂತ ಕೇಳ್ದೆ ಅಪ್ಪ."

"ಪಕ್ಕದ ಮನೆ ಅಕ್ಕನನ್ನೂ?"

"ಒಳಗೇನಿದೆ ಅಂತ ಬಾಯಿಬಿಡಿಸಿದ ಮೇಲೇ ತೆಗೆದಳು, ಮಹಾತಾಯಿ!" ಎಂದರು ಅಕ್ಕ.

ಅಪ್ಪ ಜೇಬಿನಿಂದ ಪೆನ್ನು ತೆಗೆದ. ಖಾಲಿ ಸಾಲಿನಲ್ಲಿ ನಿಧಾನವಾಗಿ ಬರೆದ: "ಅನುಮಾನ ಇದೆ. ಆದರೂ ಜೊತೆಗಿದ್ದೇವೆ." ಗಡಿಯಾರ ನೋಡಿ ಗದರಿದ, "ಓಡು, ಮೂರೂ ಕಾಲಾಯ್ತು!"

ಅಪ್ಪ ಅಮ್ಮಂದಿರೇ, ಅನುಮಾನ ಪಡಬೇಡಿ ಎಂದು ಈ ಕಥೆ ಹೇಳುವುದಿಲ್ಲ. ದಿಢೀರ್ ಶ್ರೀಮಂತರಾಗಿಸುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ. ಮಕ್ಕಳನ್ನು ಮಾತ್ರ ಕೂರಿಸಿಕೊಂಡು ಕೇಳಿ. ಸ್ವಂತ ಕೆಲಸಕ್ಕೆ ಮನಸ್ಸು ಮಾಡುವ ಹುಡುಗ ಹುಡುಗಿಯರು ಮೊದಲು ನೋಡುವುದು ಮನೆಯವರ ಮುಖವನ್ನು. ನಿಮ್ಮ ಮನೆಯ ಫಾರಂನಲ್ಲೂ ಒಂದು ಸಾಲು ಖಾಲಿ ಇರಬಹುದು. ಇವತ್ತೇ ಹುಡುಕಿ.