ಕೆಂಪು ಮುಳ್ಳು

ಪ್ರಯೋಗಾಲಯದ ಯಂತ್ರವನ್ನು ಆ ವಿದ್ಯಾರ್ಥಿ ಮತ್ತೆ ನಿಲ್ಲಿಸಿಬಿಟ್ಟಿದ್ದ. ದವಡೆಗಳ ನಡುವೆ ಸಿಕ್ಕಿಕೊಂಡಿದ್ದ ಉಕ್ಕಿನ ಸರಳು ಎಳೆತಕ್ಕೆ ನಡುವಿನಲ್ಲಿ ಸಣ್ಣಗಾಗಿತ್ತು, ಆದರೆ ಮುರಿದಿರಲಿಲ್ಲ. ಮುರಿಯುವ ತನಕ ಎಳೆಯುವುದೇ ಪ್ರಯೋಗ. ಮುರಿಯದಿದ್ದರೆ ರೆಕಾರ್ಡಿನಲ್ಲಿ ಬರೆಯುವುದೇನು?

"ಕುತ್ತಿಗೆ ಬಂದಿತ್ತಲ್ಲ, ಯಾಕೆ ನಿಲ್ಲಿಸ್ದೆ?" ಎಂದು ಅಧ್ಯಾಪಕಿ ಕೇಳಿದಳು.

"ಸಾರಿ ಮೇಡಂ."

ಸರಳು ಸಣ್ಣಗಾಗುವ ಆ ಜಾಗಕ್ಕೆ ಅವಳ ಪಾಠದಲ್ಲಿ ಕುತ್ತಿಗೆ ಎಂದೇ ಹೆಸರು. ಕುತ್ತಿಗೆ ಬಂದ ಮೇಲೆ ಹಿಂದಿರುಗುವ ದಾರಿಯಿಲ್ಲ ಎಂದು ವರ್ಷ ವರ್ಷವೂ ಅದೇ ದನಿಯಲ್ಲಿ ಹೇಳುತ್ತಾ ಬಂದಿದ್ದಳು. ವಿದ್ಯಾರ್ಥಿಗಳು ಬೆನ್ನ ಹಿಂದೆ ತನ್ನನ್ನು ಉಕ್ಕಮ್ಮ ಎನ್ನುವುದು ಅವಳಿಗೆ ಗೊತ್ತಿತ್ತು. ಬೇಸರವಿರಲಿಲ್ಲ. ಹೆಸರಿಡುವಷ್ಟಾದರೂ ಯಾರಿಗೋ ತನ್ನ ನೆನಪಿದೆಯಲ್ಲ.

ಇವನಿಗೂ ಒಂದು ಅಡ್ಡಹೆಸರಿತ್ತು: ವಟವಟ. ಮೊದಲ ವರ್ಷ ಇವನ ಬಾಯಿ ಮುಚ್ಚಿಸುವುದೇ ಒಂದು ಕೆಲಸವಾಗಿತ್ತು. ಈಗ ಮಾತು ನಿಂತುಹೋಗಿದೆ, ಹೆಸರು ಅಂಟಿಕೊಂಡೇ ಇದೆ.

ನಾಳೆ ಮತ್ತೆ ಮಾಡು ಎಂದು ಹೇಳಿ ಅವಳು ಮಹಡಿಯ ಕೋಣೆಗೆ ಹೋದಳು. ಕೆಟ್ಟ ಉಪಕರಣಗಳನ್ನು ತುಂಬಿಡುತ್ತಿದ್ದ ಕೋಣೆ. ಈಗ ಬಾಗಿಲ ಮೇಲೆ 'ವಿದ್ಯಾರ್ಥಿ ಆಪ್ತಸಮಾಲೋಚನೆ' ಎಂಬ ಫಲಕ. ಒಳಗೆ ಎರಡು ಕುರ್ಚಿ, ಇನ್ನೂ ತೆರೆಯದ ಟಿಶ್ಯೂ ಡಬ್ಬಿ. ನೀವು ಹೆಂಗಸರು, ಮನಸ್ಸಿನ ವಿಷಯ ನಿಮಗೇ ಸರಿ ಎಂದು ವಿಭಾಗದ ಮುಖ್ಯಸ್ಥರು ಈ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದರು. ತರಬೇತಿ ಕೊಟ್ಟ ವೈದ್ಯೆ ಹೇಳಿದ್ದರು: ಅನುಮಾನ ಬಂದರೆ, ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವಳು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಪ್ರತಿ ಸಲವೂ ಕನ್ನಡಿಯೊಳಗಿನವಳು ಕಣ್ಣು ತಪ್ಪಿಸಿದ್ದಳು.

ಮಧ್ಯಾಹ್ನ ಅಕ್ಕನ ಫೋನು ಬಂತು. ಹೇಗಿದ್ದೀಯೇ ಎಂದು ಕೇಳಿದಳು. ಚೆನ್ನಾಗಿದ್ದೀನಿ ಎಂದು ಹೇಳಿ ಇವಳು ಫೋನು ಇಟ್ಟಳು.

ಸಂಜೆ ಆ ವಿದ್ಯಾರ್ಥಿಯೇ ಮಹಡಿಯ ಕೋಣೆಗೆ ಬಂದ. ಅಂಕಕ್ಕೆ ಗೋಗರೆಯಲು ಬಂದಿದ್ದಾನೆ ಎಂದುಕೊಂಡಳು. ಕೂರು ಎಂದರೆ ಕೂರಲಿಲ್ಲ. ಸರಳು ಮುರಿಯುವ ಸದ್ದು ತನ್ನಿಂದ ತಡೆದುಕೊಳ್ಳಲಾಗುವುದಿಲ್ಲ ಎಂದ. ಕಿವಿಗೆ ಹತ್ತಿ ಇಟ್ಟುಕೋ ಎಂದುಬಿಟ್ಟಳು. ಎಂಜಿನಿಯರ್ ಬುದ್ಧಿ, ದೂರು ಕಿವಿಗೆ ಬಿದ್ದ ಕೂಡಲೇ ರಿಪೇರಿ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು.

ಅವನು ಸಣ್ಣಗೆ ನಕ್ಕ. ಹೊರಡಲು ತಿರುಗಿದವನು ಬೆನ್ನು ಮಾಡಿಕೊಂಡೇ ಕೇಳಿದ: "ಮೇಡಂ, ಕುತ್ತಿಗೆ ಬಂದ್ಮೇಲೆ ಲೋಡ್ ತೆಗೆದ್ಬಿಟ್ರೆ ಏನಾಗುತ್ತೆ?"

ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆ. ಇಷ್ಟು ವರ್ಷ ಸರಳುಗಳನ್ನು ಮುರಿಸಿದವಳಿಗೆ ಒಂದನ್ನಾದರೂ ಬಿಡಿಸಿ ನೋಡಬೇಕು ಅನಿಸಿರಲಿಲ್ಲ. ಅವನು ಸರಳಿನ ಮಾತಾಡುತ್ತಿಲ್ಲ ಎಂದು ಆಗ ಹೊಳೆಯಿತು. ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ಅವನ ಮೇಲೆ ಮರುಕ ಉಕ್ಕಿಬಂತು.

"ಬಾ, ನೋಡೋಣ" ಎಂದಳು.

ಕೆಳಗೆ ಪ್ರಯೋಗಾಲಯ ಖಾಲಿಯಾಗಿತ್ತು. ಸರಳು ಬೆಳಗಿನಿಂದಲೂ ಎಳೆತದಲ್ಲೇ ಇತ್ತು. ಯಂತ್ರದ ಮುಖದ ಮೇಲೆ ಎರಡು ಮುಳ್ಳು. ಕಪ್ಪು ಮುಳ್ಳು ಈಗಿನ ಭಾರ ತೋರಿಸುತ್ತದೆ. ಅದು ತಳ್ಳಿಕೊಂಡು ಹೋಗುವ ಕೆಂಪು ಮುಳ್ಳು, ಸರಳು ಹೊತ್ತ ಅತಿ ಹೆಚ್ಚಿನ ಭಾರದ ಬಳಿ ನಿಂತುಬಿಡುತ್ತದೆ.

ಭಾರ ಇಳಿಸುವ ತಿರುಪಿನ ಮೇಲೆ ಅವನು ಕೈಯಿಟ್ಟ. ಅವಳು ಅವನ ಮುಖ ನೋಡಿದಳು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಸಾಯ್ಬೇಕು ಅನ್ಸುತ್ತೇನಪ್ಪಾ ನಿಂಗೆ?"

ಅವನು ತಿರುಪಿನಿಂದ ಕೈ ತೆಗೆದ. ಹ್ಞೂಂ ಎಂದ. ಆಮೇಲೆ, ಅವಳಿಗೇ ಸಮಾಧಾನ ಹೇಳುವವನಂತೆ, "ದಿನಾ ಅಲ್ಲ ಮೇಡಂ" ಎಂದ.

"ಇವತ್ತೇ ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ. ಒಬ್ಬನೇ ಇರ್ಬೇಡ."

ಅವನು ಮತ್ತೆ ತಿರುಪು ಹಿಡಿದ. ಮೊದಲು ಇದನ್ನು ಇಳಿಸೋಣ ಎಂದ.

ಇಬ್ಬರೂ ಸೇರಿ ತಿರುಪು ತಿರುಗಿಸಿದರು. ಎಳೆತಕ್ಕೆ ಒತ್ತಡ ಕೊಡುವ ಎಣ್ಣೆ ಯಂತ್ರದೊಳಗೆ ಹಿಂದಕ್ಕೆ ಹರಿಯುವುದು ಕೇಳಿಸಿತು. ದವಡೆ ಸಡಿಲಿಸಿ, ಸರಳನ್ನು ಬಿಡಿಸಿ ಅವನ ಕೈಗೆ ಕೊಟ್ಟಳು. ಅವನು ಅದರ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಸವರಿದ.

"ಮೊದಲಿನ ಥರ ಆಗಲ್ಲ ಅಲ್ವಾ ಇದು?"

"ಆಗಲ್ಲ. ಮುರಿದಿಲ್ಲ ಅಷ್ಟೇ."

ಅವಳು ಅವನ ತೋಳು ಹಿಡಿದುಕೊಂಡಳು. ಅವನು ಕದಲಲಿಲ್ಲ, ಯಂತ್ರದ ಕಡೆಗೇ ನೋಡುತ್ತಿದ್ದ. ದವಡೆಗಳ ನಡುವೆ ಏನೂ ಇರಲಿಲ್ಲ. ಕಪ್ಪು ಮುಳ್ಳು ಸೊನ್ನೆಗೆ ಬಂದಿತ್ತು. ಕೆಂಪು ಮುಳ್ಳು ನಿಂತಲ್ಲೇ ನಿಂತಿತ್ತು.