ನಿದ್ದೆ ಬರುವ ಸೀಟು

ಕಾರ್ಖಾನೆಯ ವ್ಯಾನಿನಲ್ಲಿ ಕೊನೆಯ ಸಾಲಿನ ಬಲತುದಿಯ ಸೀಟಿಗೆ ಇದ್ದ ಬೇಡಿಕೆ ಮಂತ್ರಿಯ ಕುರ್ಚಿಗೂ ಇರಲಿಕ್ಕಿಲ್ಲ. ಅಲ್ಲಿ ಕೂತರೆ ಸಾಕು, ಎಂಥವಳಿಗೂ ಐದು ನಿಮಿಷದಲ್ಲಿ ನಿದ್ದೆ. ಅಂಗಿ ಹೊಲಿಯುವ, ಕತ್ತರಿಸುವ, ಮಡಚುವ ಹನ್ನೊಂದು ಹೆಂಗಸರು ಅದಕ್ಕಾಗಿ ಜಗಳವಾಡಿ ಸುಸ್ತಾಗಿ, ಕೊನೆಗೆ ದಿನಕ್ಕೊಬ್ಬಳೆಂದು ಸರದಿ ಮಾಡಿಕೊಂಡಿದ್ದರು. ಎದ್ದಾಗ ತಲೆ ಭಾರವಾಗಿರುತ್ತಿತ್ತು, ಒಮ್ಮೊಮ್ಮೆ ವಾಕರಿಕೆಯೂ ಬರುತ್ತಿತ್ತು. ಎಂಟು ಗಂಟೆ ಬಗ್ಗಿ ದುಡಿದವರಿಗೆ ತಲೆ ನೋಯದೆ ಇನ್ನೇನು ನೋಯಬೇಕು ಎಂದು ಒಂದು ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದರು. ಸೀಟಿನ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗಿದೆ, ಅದರಡಿಯಲ್ಲೇ ಹೊಗೆಯ ಕೊಳವೆ ಹೋಗುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಗಾಡಿ ಎಂದ ಮೇಲೆ ವಾಸನೆ ಇದ್ದದ್ದೇ.

ಸರದಿಯ ಪಟ್ಟಿ ಇಸ್ತ್ರಿಯಕ್ಕನ ಕೈಯಲ್ಲಿತ್ತು. ಕಾಲರುಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ, ಎಲ್ಲರ ಉಸ್ತುವಾರಿ ಹೊರುವುದು ಅವಳ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು. ಅವಳ ಕೈಯಂತೂ ದಿನಕ್ಕೆರಡು ಸಲ ಸುಡುತ್ತಿತ್ತು. ತಮ್ಮನ ಹೆಂಡತಿಯನ್ನು ಕಾರ್ಖಾನೆಗೆ ಸೇರಿಸಿದ್ದೂ ಅವಳೇ. ಆ ಹುಡುಗಿ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಕಾಜಾ ಆಗಿದ್ದಳು. ಮನೆಯಲ್ಲಿ ಏಳು ತಿಂಗಳ ಕೂಸು, ರಾತ್ರಿಯೆಲ್ಲ ಅದರ ರಾಗ. ಹಗಲು ಯಂತ್ರದ ಮುಂದೆ ಕಾಜಾಳ ಕಣ್ಣು ಮುಚ್ಚಿಹೋಗುತ್ತಿತ್ತು. ಆ ವಾರ ಎರಡು ಸಲ ಸೂಜಿ ತಪ್ಪಿ ಅಂಗಿ ಹರಿದಾಗ ಮೇಲ್ವಿಚಾರಕ, "ಇನ್ನೊಂದು ಸಲ ಆದ್ರೆ ನಾಳೆಯಿಂದ ಬರೋದೇ ಬೇಡ" ಅಂದಿದ್ದ.

ಶುಕ್ರವಾರ ಸಂಜೆ ಸೀಟಿನ ಸರದಿ ಇಸ್ತ್ರಿಯಕ್ಕನದು.

"ನೀನು ಕೂತ್ಕೋ," ಅಂದಳು ಕಾಜಾಳಿಗೆ.

"ಬೇಡ ಅತ್ತಿಗೆ, ಇವತ್ತು ನಿಮ್ಮದಲ್ವಾ."

"ನಿನ್ನ ಗಂಡನ್ನ ಎತ್ತಿ ಆಡಿಸಿದೋಳು ನಾನು. ನಿದ್ದೆಗೆಟ್ಟು ಅಭ್ಯಾಸ ಇದೆ. ಸುಮ್ನೆ ಕೂತ್ಕೋ."

ಅಂದು ಬೆಳಗ್ಗೆ ರಸ್ತೆಯುಬ್ಬಿಗೆ ಗಾಡಿಯ ಹೊಟ್ಟೆ ಬಡಿದು ಕೊಳವೆ ಎರಡು ತುಂಡಾಗಿತ್ತು. ಡ್ರೈವರಣ್ಣ ಕೆಳಗೆ ನುಸುಳಿ ತಂತಿ ಸುತ್ತಿ, ಭಾನುವಾರ ಬೆಸುಗೆ ಹಾಕಿಸಿದರಾಯಿತು ಎಂದು ಕೈ ಒರೆಸಿಕೊಂಡಿದ್ದ. ಕೆಟ್ಟವನಲ್ಲ ಅವನು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಹಾಳಾದದ್ದು ಮಾತ್ರ ಬೇರೆಯವರ ಮನೆ.

ಹೊರಗೆ ಚಳಿಗಾಳಿ ಬೀಸುತ್ತಿತ್ತು. ಕೊನೆಯ ಸೀಟಿನದೊಂದು ಬಿಟ್ಟು ಹಿಂದಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಇಸ್ತ್ರಿಯಕ್ಕ ಅದನ್ನೂ ಮುಚ್ಚಲು ಎದ್ದು ಬಂದಳು.

"ತಲೆ ಯಾಕೋ ಸಿಡೀತಿದೆ ಅತ್ತಿಗೆ. ಇದೊಂದು ತೆಗೆದಿರ್ಲಿ," ಅಂದಳು ಕಾಜಾ.

"ಮನೇಲಿ ಮೊಲೆ ಕುಡಿಯೋ ಕೂಸಿದೆ. ನಿನಗೆ ನೆಗಡಿ ಆದ್ರೆ ಅದಕ್ಕೂ ಆಗುತ್ತೆ. ಮಲಗು, ನಿದ್ದೆ ಆದ್ರೆ ತಲೆನೋವು ತಾನಾಗೇ ಹೋಗುತ್ತೆ."

ಬಿಗಿಯಾಗಿದ್ದ ಗಾಜನ್ನು ಇಸ್ತ್ರಿಯಕ್ಕ ಎರಡೂ ಕೈಯಿಂದ ನೂಕಿ ಮುಚ್ಚಿದಳು. ತನ್ನ ಶಾಲು ತೆಗೆದು ಅವಳಿಗೆ ಹೊದಿಸಿ, ಕತ್ತಿನ ಸಂದಿಗೂ ಸಿಕ್ಕಿಸಿದಳು. ಆಮೇಲೆ ಮುಂದೆ ಹೋಗಿ ಡ್ರೈವರಣ್ಣನ ಪಕ್ಕ ಕೂತಳು. ಸಿಗರೇಟಿಗಾಗಿ ಅವನು ತನ್ನ ಕಿಟಕಿಯನ್ನು ಸದಾ ತೆಗೆದಿಟ್ಟಿರುತ್ತಿದ್ದ.

ಮುಕ್ಕಾಲು ಗಂಟೆಯ ದಾರಿ. ಅವತ್ತು ಗಾಡಿಯಲ್ಲಿ ಹರಟೆಯೇ ಇರಲಿಲ್ಲ. ಇಬ್ಬರು ಇಳಿದವರೇ ರಸ್ತೆಬದಿಯಲ್ಲಿ ವಾಂತಿ ಮಾಡಿಕೊಂಡರು. ಉಳಿದವರು ಕ್ಯಾಂಟೀನಿನ ಊಟಕ್ಕೆ ಶಾಪ ಹಾಕಿದರು. ಒಬ್ಬೊಬ್ಬರೇ ಇಳಿದು ಕೊನೆಗೆ ಅತ್ತಿಗೆ ನಾದಿನಿ ಇಬ್ಬರೇ ಉಳಿದರು. ಮನೆಯ ತಿರುವು ಬಂದಾಗ ಇಸ್ತ್ರಿಯಕ್ಕ ಹಿಂದಕ್ಕೆ ತಿರುಗಿ ನೋಡಿದಳು. ಕಾಜಾ ಗಾಜಿಗೆ ಒರಗಿ ಮಲಗಿದ್ದಳು. ಹೆರಿಗೆಯಾದಾಗಿನಿಂದ ಬಿಳಿಚಿಕೊಂಡಿದ್ದ ಕೆನ್ನೆಗೆ ಕೆಂಪು ಬಂದಿತ್ತು. ಒಂದು ನಿದ್ದೆಗೇ ಹುಡುಗಿಯ ಮುಖ ಎಷ್ಟು ಕಳೆಯಾಯಿತಲ್ಲ ಎಂದು ಇಸ್ತ್ರಿಯಕ್ಕನ ಹೊಟ್ಟೆ ತಣ್ಣಗಾಯಿತು.

"ಇನ್ನೊಂದು ಸುತ್ತು ಹಾಕ್ಬಿಡಿ ಅಣ್ಣ," ಅಂದಳು ಮೆಲ್ಲಗೆ. "ಒಳಗೆ ಹೋದ್ರೆ ಕೂಸು ಬಿಡಲ್ಲ. ಹತ್ತು ನಿಮಿಷ ಮಲಗ್ಲಿ."

ಡ್ರೈವರಣ್ಣ ನೀರಿನ ಟ್ಯಾಂಕಿನವರೆಗೆ ಹೋಗಿ ಸುತ್ತಿ ಬಂದ. ನಿದ್ದೆ ಕೆಡದಿರಲೆಂದು ಗುಂಡಿ ಬಂದಲ್ಲೆಲ್ಲ ನಿಧಾನಿಸಿದ.

ನಿದ್ದೆ ಕೆಡಲಿಲ್ಲ. ಮನೆಯ ಮುಂದೆ ಇಸ್ತ್ರಿಯಕ್ಕ ಭುಜ ಅಲುಗಿಸಿದಳು, ಕೂಗಿದಳು, ಕೊನೆಗೆ ಕೆನ್ನೆಗೆ ಹೊಡೆದಳು. ತಲೆ ಇನ್ನೊಂದು ಕಡೆಗೆ ವಾಲಿತು, ಅಷ್ಟೇ.

"ಗಾಡಿಯ ಹೊಗೆ ಒಳಗೆ ತುಂಬಿದೆ. ಕೆನ್ನೆ ಕೆಂಪಾಗೋದು ಅದರಿಂದಲೇ," ಅಂದಳು ಆಸ್ಪತ್ರೆಯ ವೈದ್ಯೆ. "ಸ್ವಲ್ಪ ಮುಂಚೆ ಹೊರಗಿನ ಗಾಳಿಗೆ ತಂದಿದ್ರೆ ಉಳೀತಿದ್ರೋ ಏನೋ."

ತಮ್ಮ ಬಂದಾಗ ಇಸ್ತ್ರಿಯಕ್ಕ ಏನನ್ನೂ ಬಚ್ಚಿಡಲಿಲ್ಲ. "ಕಿಟಕಿ ಮುಚ್ಚಿದ್ದು ನಾನು. ಇನ್ನೊಂದು ಸುತ್ತು ಹಾಕಿಸಿದ್ದೂ ನಾನೇ," ಅಂದಳು. ಅವನು ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹೆಂಡತಿಯ ಮೇಲಿದ್ದ ಶಾಲನ್ನು ಮಡಚಿ ಅಕ್ಕನ ಕೈಗಿತ್ತ.

ಈಗ ಕೂಸನ್ನು ಅವಳೇ ನೋಡಿಕೊಳ್ಳುತ್ತಾಳೆ. ಅದು ಡಬ್ಬಿ ಹಾಲಿಗೆ ಒಗ್ಗಿದೆ, ಮೊದಲಿನಂತೆ ರಚ್ಚೆ ಹಿಡಿಯುವುದಿಲ್ಲ. ಹೊಟ್ಟೆ ತುಂಬಿದರೆ ಗಡದ್ದಾಗಿ ಮಲಗುತ್ತದೆ. ಇಸ್ತ್ರಿಯಕ್ಕನಿಗೆ ಅದನ್ನು ನೋಡಲಾಗುವುದಿಲ್ಲ. ಕಿಟಕಿಗಳನ್ನೆಲ್ಲ ತೆಗೆದು, ಮೂಗಿನ ಬಳಿ ಬೆರಳು ಹಿಡಿದು, ಉಸಿರು ತಾಗಿದರೂ ನಂಬಿಕೆ ಬಾರದೆ ಕೆನ್ನೆ ತಟ್ಟಿ ಎಬ್ಬಿಸುತ್ತಾಳೆ. "ಈಗ ತಾನೇ ಮಲಗಿತ್ತಲ್ಲೇ," ಎಂದು ಅವಳ ತಾಯಿ ಗೊಣಗುತ್ತಾಳೆ. ಕೂಸು ಕಿರುಚಿ ಅಳುತ್ತದೆ. ಇಸ್ತ್ರಿಯಕ್ಕ ಅದನ್ನು ಎದೆಗವಚಿಕೊಂಡು ಕೂತಿರುತ್ತಾಳೆ, ಸಮಾಧಾನ ಮಾಡುವುದಿಲ್ಲ.