ಸಹಿರಾಯರ ಶಿಫಾರಸು

ಅಣ್ಣ ಮೊದಲು ಕಪಾಳಕ್ಕೆ ಬಿಗಿದ. ಪುಟ್ಟಿಯ ಕನ್ನಡಕ ಹಾರಿ ಮೇಜಿನ ಕೆಳಗೆ ಬಿತ್ತು.

"ಅರ್ಜಿ ಹಿಂದಕ್ಕೆ ತಗೋತೀಯೋ ಇಲ್ವೋ?"

"ಇಲ್ಲ ಕಣೋ. ಏನ್ ಮಾಡ್ಕೋತೀಯೋ ಮಾಡ್ಕೋ."

ಎರಡನೇ ಏಟಿಗೆ ತುಟಿ ಒಡೆಯಿತು. ಜಗಳದ ಮೂಲ ಇಷ್ಟೇ: ಯುರೋಪಿನ ಒಂದು ವಿಶ್ವವಿದ್ಯಾಲಯದ ಸಸ್ಯ ಪ್ರಯೋಗಾಲಯದಲ್ಲಿ ಎರಡು ಕೆಲಸ ಖಾಲಿ ಇದ್ದವು, ಪಿಎಚ್.ಡಿ. ಮುಗಿಸಿದವರಿಗೊಂದು, ಈಗ ಮಾಡುವವರಿಗೊಂದು. ಮೊದಲನೆಯದಕ್ಕೆ ಅಣ್ಣ ಅರ್ಜಿ ಹಾಕಿದ್ದ. ಎರಡನೆಯದಕ್ಕೆ ಅವನಿಗೆ ಹೇಳದೆ ಪುಟ್ಟಿ ಹಾಕಿದ್ದಳು. ಒಡಹುಟ್ಟಿದವರಿಬ್ಬರನ್ನೂ ಒಂದೇ ಕಡೆ ತೆಗೆದುಕೊಳ್ಳುವುದಿಲ್ಲ, ಇಂದು ಎರಡು ಗಂಟೆಯೊಳಗೆ ಬರುವ ಶಿಫಾರಸು ಪತ್ರಗಳನ್ನು ನೋಡಿ ಒಬ್ಬರನ್ನು ಸಂದರ್ಶನಕ್ಕೆ ಆರಿಸುತ್ತೇವೆ ಎಂದು ಅಲ್ಲಿಂದ ಬೆಳಿಗ್ಗೆಯೇ ಉತ್ತರ ಬಂದಿತ್ತು.

"ಬಿಟ್ಕೊಡೇ," ಅಂದಳು ಅಮ್ಮ, ಅಡುಗೆಮನೆ ಬಾಗಿಲಲ್ಲೇ ನಿಂತು. "ಆರು ವರ್ಷದಿಂದ ಅಲೀತಾ ಇದಾನೆ ಪಾಪ."

ಹೊಡೆಸಿಕೊಂಡವಳಿಗೇ ಬುದ್ಧಿಮಾತು, ಹೊಡೆದವನು ಪಾಪ! ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳಲು ಹೋದಳು. ಅವಳ ಬಲಗೈ ಇನ್ನೂ ಚೌಕಟ್ಟಿನ ಮೇಲಿತ್ತು. ಅದನ್ನು ನೋಡಿಯೇ ಅಣ್ಣ ಬಾಗಿಲನ್ನು ತನ್ನತ್ತ ಎಳೆದ. ಅವಳು ಚೀರಿದಳು. ಅವನು ಬಿಡಲಿಲ್ಲ, ಕಾಲು ಕೊಟ್ಟು ಇನ್ನೂ ಜಗ್ಗಿದ. ಲಟಕ್ ಎಂದಿತು. ಬಾಗಿಲ ಸಂದಿಯಿಂದ ರಕ್ತ ಇಳಿಯಿತು. ಪ್ರಯೋಗಾಲಯದಲ್ಲಿ ಬ್ಲೇಡು ಹಿಡಿದು ಗಿಡದ ಕಾಂಡವನ್ನು ಕೂದಲೆಳೆಯಷ್ಟು ತೆಳ್ಳಗೆ ಸೀಳುತ್ತಿದ್ದ ಬೆರಳುಗಳು ಅವು.

ಹತ್ತು ನಿಮಿಷ ಕಳೆದಿರಲಿಲ್ಲ, ಪುಣ್ಯಾತ್ಮ ಬಂದು ಕೇಳಿದ: "ನನ್ನ ಪತ್ರ ಬರೆದುಕೊಡ್ತೀಯ ತಾನೆ?"

ಇಲ್ಲಿ ಅಣ್ಣ ತಂಗಿ ಇಬ್ಬರೂ ಇದ್ದ ಪ್ರಯೋಗಾಲಯದ ಪದ್ಧತಿಯೇ ಹಾಗೆ. ಶಿಫಾರಸು ಬೇಕಾದವರು ತಾವೇ ಬರೆದು ತರಬೇಕು, ಪ್ರೊಫೆಸರರು ಒಂದಕ್ಷರವನ್ನೂ ಓದದೆ ಸಹಿ ಮಾಡಿ ಕಳಿಸುತ್ತಾರೆ. ಅದಕ್ಕೇ ಹುಡುಗರು ಅವರನ್ನು ಸಹಿರಾಯರು ಅನ್ನುತ್ತಿದ್ದರು. ಅಣ್ಣನ ಹಿಂದಿನ ಹದಿನಾಲ್ಕು ಪತ್ರಗಳನ್ನೂ ಬರೆದವಳು ಪುಟ್ಟಿ.

"ಬರೀತೀನಿ," ಅಂದಳು.

ಕೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದಳು. 'ನನ್ನ ಈ ವಿದ್ಯಾರ್ಥಿ ಮಹಾ ಹಟಗಾರ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ.' ಅಣ್ಣ ಹೆಗಲ ಮೇಲಿಂದ ಬಗ್ಗಿ ಅಷ್ಟನ್ನು ಓದಿದ, ಭೇಷ್ ಅಂದು ಸ್ನಾನಕ್ಕೆ ಹೋದ. ಪುಟ್ಟಿ ಮುಂದುವರಿಸಿದಳು. 'ಇಂದು ಬೆಳಿಗ್ಗೆ, ಅರ್ಜಿ ಹಿಂದಕ್ಕೆ ಪಡೆಯಲಿಲ್ಲವೆಂದು ತಂಗಿಯ ಕೈಯನ್ನು ಬಾಗಿಲಿಗೆ ಸಿಕ್ಕಿಸಿ, ಎರಡು ಬೆರಳು ಮುರಿಯುವವರೆಗೂ ಎಳೆದು ಹಿಡಿದಿದ್ದ. ನಂಬಿಕೆ ಬಾರದಿದ್ದರೆ ಸಂದರ್ಶನದಲ್ಲಿ ಅವಳಿಗೆ ಬಲಗೈ ತೋರಿಸಲು ಹೇಳಿ.'

ಒಂದೂವರೆಗೆ ಇಬ್ಬರೂ ಸಹಿರಾಯರ ಕೋಣೆಗೆ ಹೋದರು. ಪತ್ರ ಒಳಗೆ ಒಯ್ಯುವವಳು ಯಾವಾಗಲೂ ಪುಟ್ಟಿಯೇ, ಅಣ್ಣ ಹೊರಗೆ ನಿಂತ.

"ಕೈಗೇನಾಯ್ತಮ್ಮ?"

"ಬಾಗಿಲಿಗೆ ಸಿಕ್ತು ಸಾರ್."

"ನೋಡ್ಕೊಂಡು ಓಡಾಡ್ಬಾರ್ದಾ? ಎಲ್ಲಿ ಸಹಿ?"

ಅವಳದಕ್ಕೊಂದು, ಅಣ್ಣನದಕ್ಕೊಂದು ಸಹಿ ಬಿತ್ತು. ಎರಡೂ ಅಲ್ಲಿಂದಲೇ ಈಮೇಲ್‌ನಲ್ಲಿ ಹೋದವು.

ಹೊರಗೆ ಅಣ್ಣ ಕಾತರದಿಂದ ಕಾಯುತ್ತಿದ್ದ. "ಹೋಯ್ತಾ? ಚೆನ್ನಾಗಿ ಬರೆದೆ ತಾನೆ?"

ಬಟ್ಟೆಯೊಳಗೆ ಬೆರಳುಗಳು ಸಿಡಿಯುತ್ತಿದ್ದವು. "ಹದಿನಾಲ್ಕು ಸಲ ನಿನಗೋಸ್ಕರ ಸುಳ್ಳು ಬರೆದಿದ್ದೆ ಕಣೋ," ಅಂದಳು ಪುಟ್ಟಿ. "ಈ ಸಲ ಬರೀಲಿಲ್ಲ."